ಹಿನ್ನೆಲೆ: ತಂಡದ ಹಿಂದೆ ಊರೂರು ಸುತ್ತುವ ಫುಟ್‌ಬಾಲ್ ಅಭಿಮಾನಿ ಎಂದರೆ ಪುಂಡನೇ? ಸ್ಕಾಟ್ಲೆಂಡ್‌ನಲ್ಲಿ ಕಂಡದ್ದು

ಯುರೋಪಿನ ಯಾವುದೋ ಊರು. ರಸ್ತೆ ತುಂಬ ಒಂದೇ ಬಣ್ಣದ ಜೆರ್ಸಿ ಹಾಕಿದ ಜನ, ಹೊಗೆ, ಕೂಗಾಟ, ಗಾಜು ಒಡೆಯುವ ಸದ್ದು. ಅರ್ಧ ನಿಮಿಷದ ವೀಡಿಯೊ. ಕೆಳಗೆ ‘ಫುಟ್‌ಬಾಲ್ ಹುಚ್ಚು ತಲೆಗೇರಿದರೆ ಹೀಗೇ’ ಎಂಬಂಥ ಒಂದು ಸಾಲು. ಇಂಥ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಅದು ಯಾವ ಊರು, ಯಾವ ವರ್ಷ, ಆ ಅರ್ಧ ನಿಮಿಷದ ಹಿಂದೆ ಮುಂದೆ ಏನಾಯಿತು ಎಂಬುದು ಮಾತ್ರ ಅದರಲ್ಲಿ ಇರುವುದಿಲ್ಲ.

ಇಲ್ಲಿ ನಾವು ಒಂದು ನಿರ್ದಿಷ್ಟ ವೀಡಿಯೊ ಪರಿಶೀಲಿಸುತ್ತಿಲ್ಲ. ಅಂಥ ವೀಡಿಯೊಗಳ ಹಿಂದಿರುವ ನಂಬಿಕೆಯನ್ನು ನೋಡುತ್ತಿದ್ದೇವೆ. ಜನ ಗುಂಪಾಗಿ ಸೇರಿದರೆ ಬುದ್ಧಿ ಕಳೆದುಕೊಳ್ಳುತ್ತಾರೆ, ಏನಾದರೂ ಅನಾಹುತವಾದರೆ ಅದಕ್ಕೆ ಗುಂಪೇ ಕಾರಣ ಎಂಬ ನಂಬಿಕೆ ಅದು. ಸ್ಕಾಟ್ಲೆಂಡನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಸುಮಾರು 55 ಲಕ್ಷ ಜನರ ಆ ನಾಡಿನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಮೈದಾನಕ್ಕೆ ಹೋಗಿ ಲೀಗ್ ಫುಟ್‌ಬಾಲ್ ನೋಡುವವರ ಪ್ರಮಾಣ ಯುರೋಪಿನಲ್ಲೇ ಅತಿ ಹೆಚ್ಚು. ಅಭಿಮಾನಿಗಳ ಬಗ್ಗೆ ಒಳ್ಳೆಯ ಸಂಶೋಧನೆಯೂ ಅಲ್ಲಿ ನಡೆದಿದೆ, ಘೋರ ದುರಂತವೂ ನಡೆದಿದೆ.

ಒಂದು ಸೀಸನ್ ಎಂದರೆ ಎಷ್ಟು ದಾರಿ?

ಸ್ಕಾಟಿಷ್ ಪ್ರೀಮಿಯರ್‌ಶಿಪ್‌ನಲ್ಲಿ 12 ತಂಡಗಳು. ಪ್ರತಿ ತಂಡ ಉಳಿದ 11 ತಂಡಗಳ ಜೊತೆ ಮೂರು ಮೂರು ಬಾರಿ ಆಡುತ್ತದೆ, ಅಲ್ಲಿಗೆ 33 ಪಂದ್ಯ. ಆಮೇಲೆ ಪಟ್ಟಿಯನ್ನು ಮೇಲಿನ ಆರು, ಕೆಳಗಿನ ಆರು ಎಂದು ಎರಡಾಗಿ ಒಡೆದು ಇನ್ನೂ ಐದು ಪಂದ್ಯ. ಒಟ್ಟು 38. ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧ ಪರಊರಿನಲ್ಲಿ. ಕೊನೆಯ ಐದು ಎದುರಾಳಿಗಳು ಯಾರು ಎಂದು ಏಪ್ರಿಲ್‌ವರೆಗೆ ಖಚಿತವಾಗುವುದಿಲ್ಲ. ಹಾಗಾಗಿ ರಜೆ ಹಾಕುವವರಿಗೂ ಬಸ್ ಬುಕ್ ಮಾಡುವವರಿಗೂ ಅದು ದೊಡ್ಡ ತಲೆನೋವು.

ಉತ್ತರದ ಕರಾವಳಿಯ ಅಬರ್ಡೀನ್ ತಂಡದ ಅಭಿಮಾನಿಯನ್ನೇ ನೋಡಿ. ಅವನಿಗೆ ಅತಿ ಹತ್ತಿರದ ಎದುರಾಳಿ ಊರು ಡಂಡೀ, ಅದೇ ನೂರು ಕಿಲೋಮೀಟರ್ ದಾಟುತ್ತದೆ. ಗ್ಲಾಸ್ಗೋ ಹೋಗಿ ಬರಲು ಸುಮಾರು 470 ಕಿ.ಮೀ. ವಾರದ ನಡುವೆ ರಾತ್ರಿ ಪಂದ್ಯವಿದ್ದರೆ ಮನೆ ತಲುಪುವಾಗ ಮಧ್ಯರಾತ್ರಿ ಕಳೆದಿರುತ್ತದೆ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗಬೇಕು. ಡಿಸೆಂಬರ್‌ನಲ್ಲಿ ಅಲ್ಲಿ ಮಧ್ಯಾಹ್ನ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಮೂರು ಗಂಟೆಗೆ ಶುರುವಾದ ಆಟದ ಹೆಚ್ಚಿನ ಭಾಗ ಕತ್ತಲಲ್ಲಿ, ದೀಪದ ಬೆಳಕಿನಲ್ಲೇ ಮುಗಿಯುತ್ತದೆ. ಅರ್ಧ ವಿರಾಮದಲ್ಲಿ ಕೈ ಬೆಚ್ಚಗಾಗಲು ಮಾಂಸದ ಪೈ, ಒಂದು ಕಪ್ ಬೋವ್ರಿಲ್. (ಬೋವ್ರಿಲ್ ನೋಡಲು ಡಿಕಾಕ್ಷನ್ ಥರ ಇದ್ದರೂ ಅದು ದನದ ಮಾಂಸದ ಸಾರ. ಅಲ್ಲಿಗೆ ಓದಲು ಹೋಗುವ ನಮ್ಮ ಸಸ್ಯಾಹಾರಿ ಹುಡುಗ ಹುಡುಗಿಯರು ಕೇಳಿ ಕುಡಿಯುವುದು ಒಳ್ಳೆಯದು.)

2024-25ರ ಸೀಸನ್‌ನಲ್ಲಿ ಅಬರ್ಡೀನ್ ಮೊದಲ 11 ಲೀಗ್ ಪಂದ್ಯಗಳಲ್ಲಿ 10 ಗೆದ್ದು ಒಂದನ್ನು ಡ್ರಾ ಮಾಡಿಕೊಂಡಿತು. ಆಮೇಲೆ ನವೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಲೀಗ್‌ನಲ್ಲಿ ಒಂದೇ ಒಂದು ಗೆಲುವಿಲ್ಲ. ಅತಿ ಚಳಿಯ, ಅತಿ ಕತ್ತಲಿನ ತಿಂಗಳುಗಳು ಅವೇ. ಆಗಲೂ ಬಸ್ಸುಗಳು ಹೊರಟವು. ಮೇ 14ರಂದು ಸ್ವಂತ ಮೈದಾನದಲ್ಲಿ ಸೆಲ್ಟಿಕ್ ಎದುರು 1-5ರ ಸೋಲು. ಅದಾಗಿ ಹತ್ತೇ ದಿನಕ್ಕೆ, ಮೇ 24ರಂದು, ಗ್ಲಾಸ್ಗೋದ ಹ್ಯಾಂಪ್ಡೆನ್ ಪಾರ್ಕ್‌ನಲ್ಲಿ ಅದೇ ಸೆಲ್ಟಿಕ್ ಅನ್ನು ಪೆನಾಲ್ಟಿಯಲ್ಲಿ ಸೋಲಿಸಿ ಅಬರ್ಡೀನ್ ಸ್ಕಾಟಿಷ್ ಕಪ್ ಎತ್ತಿತು. 1990ರ ನಂತರ ಅದೇ ಮೊದಲು. ಅಂದು ಹ್ಯಾಂಪ್ಡೆನ್‌ನಲ್ಲಿ ಅತ್ತವರಲ್ಲಿ ಹಿಂದಿನ ಸಲ ಕಪ್ ಬಂದಾಗ ಹುಟ್ಟಿಯೇ ಇರದವರು ಬಹಳ ಮಂದಿ ಇದ್ದಿರಬೇಕು.

‘ಕುಡಿದು ತೂರಾಡುವ ಬಸ್’ ಎಂಬ ಮಾತು

ಸ್ಕಾಟ್ ಅಭಿಮಾನಿ ಎಂದರೆ ಬಸ್ಸಿನಲ್ಲೂ ಮೈದಾನದಲ್ಲೂ ಕುಡಿಯುವವನು ಎಂಬ ಕಲ್ಪನೆ ಇದೆ. ಆದರೆ ಕಾನೂನು ಇದಕ್ಕೆ ಪೂರ್ತಿ ಉಲ್ಟಾ. 1980ರ ಮೇ 10ರಂದು ಸೆಲ್ಟಿಕ್-ರೇಂಜರ್ಸ್ ನಡುವಿನ ಕಪ್ ಫೈನಲ್ ಮುಗಿದ ಮೇಲೆ ಎರಡೂ ಕಡೆಯವರು ಮೈದಾನಕ್ಕೆ ನುಗ್ಗಿ ಬಡಿದಾಡಿಕೊಂಡರು, ಕುದುರೆ ಪೊಲೀಸರು ಬಂದು ಚದುರಿಸಬೇಕಾಯಿತು. ಅದೇ ವರ್ಷ ಬಂದ ಕಾನೂನು ಕ್ರೀಡಾಂಗಣದ ಸಾಮಾನ್ಯ ಪ್ರೇಕ್ಷಕರಿಗೆ ಮದ್ಯ ನಿಷೇಧಿಸಿತು. ಪಂದ್ಯಕ್ಕೆ ಜನರನ್ನು ಒಯ್ಯುವ ಬಸ್ಸಿನಲ್ಲಿ ಮದ್ಯ ಒಯ್ಯುವುದೂ ಅಪರಾಧವಾಯಿತು. ಹಾಗೆಂದು ಅಲ್ಲಿ ಯಾರೂ ಕುಡಿಯುವುದಿಲ್ಲ ಎಂದು ನಾವು ಹೇಳುತ್ತಿಲ್ಲ. ಬಸ್ ಹೊರಡುವುದೇ ಎಷ್ಟೋ ಸಲ ಪಬ್ಬಿನ ಬಾಗಿಲಿನಿಂದ. ವಿಐಪಿ ಕೋಣೆಗಳಲ್ಲಿ ದುಡ್ಡು ಕೊಟ್ಟವರಿಗೆ ಮದ್ಯ ಸಿಗುತ್ತದೆ, ಹೊರಗೆ ಚಳಿಯಲ್ಲಿ ಕೂತವನಿಗೆ ಇಲ್ಲ. ಈ ತಾರತಮ್ಯದ ಬಗ್ಗೆ ಅಭಿಮಾನಿಗಳು ಗೊಣಗುವುದು ನಮಗೆ ನ್ಯಾಯವಾಗಿಯೇ ಕಾಣುತ್ತದೆ.

ಗುಂಪಿಗೆ ಬುದ್ಧಿ ಇರುವುದಿಲ್ಲವೇ?

ಈ ಮಾತಿನ ಮೂಲ ಹಳೆಯದು. ಫ್ರಾನ್ಸಿನ ಗುಸ್ತಾವ್ ಲ ಬಾನ್ ಎಂಬಾತ 1895ರಲ್ಲಿ, ಗುಂಪಿನಲ್ಲಿ ಸೇರಿದ ಮನುಷ್ಯ ತನ್ನತನವನ್ನೂ ವಿವೇಕವನ್ನೂ ಕಳೆದುಕೊಳ್ಳುತ್ತಾನೆ ಎಂದು ಬರೆದ. ನೂರು ವರ್ಷ ಪೊಲೀಸರು, ಪತ್ರಿಕೆಗಳು, ಸರ್ಕಾರಗಳು ಅದನ್ನೇ ನಂಬಿದವು. ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಸ್ಟೀಫನ್ ರೈಕರ್, ಫುಟ್‌ಬಾಲ್ ಗುಂಪುಗಳನ್ನು ಹತ್ತಿರದಿಂದ ನೋಡಿದ ಕ್ಲಿಫರ್ಡ್ ಸ್ಟಾಟ್ ಮುಂತಾದ ಮನಶ್ಶಾಸ್ತ್ರಜ್ಞರು ಕಂಡದ್ದೇ ಬೇರೆ. ಗುಂಪಿನಲ್ಲಿ ಮನುಷ್ಯ ತನ್ನತನ ಕಳೆದುಕೊಳ್ಳುವುದಿಲ್ಲ, ‘ನಾನು’ ಇದ್ದ ಜಾಗಕ್ಕೆ ‘ನಾವು’ ಬರುತ್ತದೆ. ಆ ‘ನಾವು’ ಎಂಥವರು ಎಂಬುದರ ಮೇಲೆ ನಡತೆ ನಿಂತಿದೆ. ಎದುರಿಗಿರುವ ಪೊಲೀಸರು ಎಲ್ಲರನ್ನೂ ಒಂದೇ ಲಾಠಿಯಲ್ಲಿ ಅಳೆದರೆ, ಸುಮ್ಮನೆ ನಿಂತವರೂ ಗಲಾಟೆ ಮಾಡುವವರ ಪಕ್ಷಕ್ಕೆ ಸೇರುತ್ತಾರೆ.

1998ರ ವಿಶ್ವಕಪ್ ಫ್ರಾನ್ಸಿನಲ್ಲಿ ನಡೆದಾಗ ಸ್ಟಾಟ್ ಮತ್ತು ಸಂಗಡಿಗರು ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅಭಿಮಾನಿಗಳನ್ನು ಹೋಲಿಸಿ ನೋಡಿದರು. ಎರಡು ಕಡೆಯವರೂ ಕುಡಿದಿದ್ದರು, ಹಾಡುತ್ತಿದ್ದರು, ಬೀದಿ ತುಂಬಿದ್ದರು. ಆದರೆ ಸ್ಕಾಟ್ ಅಭಿಮಾನಿಗಳಲ್ಲಿ ಯಾರಾದರೂ ಕೈ ಎತ್ತಿದರೆ ಅವರ ಜೊತೆಯವರೇ ತಡೆಯುತ್ತಿದ್ದರು. ‘ನಾವು ಆ ಇಂಗ್ಲಿಷರಂತಲ್ಲ’ ಎಂದು ತೋರಿಸುವುದೇ ಅವರಿಗೆ ಹೆಮ್ಮೆ. ತಮಾಷೆ ಎಂದರೆ, 1977ರಲ್ಲಿ ಲಂಡನ್ನಿನ ವೆಂಬ್ಲಿ ಮೈದಾನಕ್ಕೆ ನುಗ್ಗಿ ಹುಲ್ಲು ಕಿತ್ತು, ಗೋಲು ಕಂಬ ಮುರಿದವರು ಇದೇ ಸ್ಕಾಟ್ ಅಭಿಮಾನಿಗಳು. ಒಂದೇ ತಲೆಮಾರಿನಲ್ಲಿ ಗುಂಪು ತನ್ನ ಬಗ್ಗೆ ಹೇಳಿಕೊಳ್ಳುವ ಕಥೆ ಬದಲಾಯಿತು, ನಡತೆಯೂ ಬದಲಾಯಿತು. 2003ರಲ್ಲಿ ಯುಯೆಫಾ ಕಪ್ ಫೈನಲ್‌ಗಾಗಿ ಸ್ಪೇನಿನ ಸೆವಿಲ್‌ಗೆ ಸುಮಾರು 80,000 ಸೆಲ್ಟಿಕ್ ಅಭಿಮಾನಿಗಳು ಹೋದರು, ಬಹಳಷ್ಟು ಜನರ ಬಳಿ ಟಿಕೆಟ್ಟೇ ಇರಲಿಲ್ಲ. ತಂಡ ಪೋರ್ಟೊ ಎದುರು 2-3ರಿಂದ ಸೋತಿತು. ಅಭಿಮಾನಿಗಳ ನಡತೆಗೆ ಫಿಫಾದ ಫೇರ್ ಪ್ಲೇ ಪ್ರಶಸ್ತಿ ಬಂತು.

ಇದನ್ನು ಓದಿ ‘ಹಾಗಾದರೆ ಸ್ಕಾಟ್ ಅಭಿಮಾನಿಗಳು ಸಾಧುಗಳು’ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. 2008ರಲ್ಲಿ ರೇಂಜರ್ಸ್ ಫೈನಲ್ ಆಡಿದ ರಾತ್ರಿ ಮ್ಯಾಂಚೆಸ್ಟರ್‌ನಲ್ಲಿ ದೊಡ್ಡ ಪರದೆ ಕೈಕೊಟ್ಟ ಬಳಿಕ ಗಲಭೆಯಾಯಿತು. ಸೆಲ್ಟಿಕ್-ರೇಂಜರ್ಸ್ ನಡುವಿನ ಕ್ಯಾಥೊಲಿಕ್-ಪ್ರಾಟೆಸ್ಟಂಟ್ ದ್ವೇಷದ ಹಾಡುಗಳನ್ನು ತಡೆಯಲು 2012ರಲ್ಲಿ ಜಾರಿಯಾದ ವಿಶೇಷ ಕಾನೂನನ್ನು 2018ರಲ್ಲಿ ರದ್ದು ಮಾಡಲಾಯಿತು, ಹಾಡುಗಳು ನಿಂತಿಲ್ಲ. ಮೇಲೆ ಹೇಳಿದ ಅಬರ್ಡೀನ್ ಸೀಸನ್‌ನಲ್ಲೇ, ಕಪ್ ಫೈನಲ್‌ಗೆ ಒಂದು ವಾರ ಮುಂಚೆ ಡಂಡೀಯಲ್ಲಿ ಅಬರ್ಡೀನ್ ಅಭಿಮಾನಿಗಳಿದ್ದ ಕಡೆಯಿಂದ ಹಾರಿಬಂದ ಕುರ್ಚಿಯೊಂದು ಅವರದೇ ತಂಡದ ಆಟಗಾರನ ಮುಖಕ್ಕೆ ಬಡಿಯಿತು.

ಕೂಗಿದರೆ ಆಟ ಬದಲಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. ಆದರೆ ಬದಲಾಗುವುದು ಆಟಗಾರನ ಕಾಲಿಗಿಂತ ರೆಫರಿಯ ಕಿವಿ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 40 ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ದೃಶ್ಯಗಳನ್ನು ತೋರಿಸಿದರು, ಕೆಲವರಿಗೆ ಪ್ರೇಕ್ಷಕರ ಸದ್ದಿನೊಂದಿಗೆ, ಕೆಲವರಿಗೆ ಸದ್ದಿಲ್ಲದೆ. ಸದ್ದು ಕೇಳಿದವರು ಆತಿಥೇಯ ತಂಡದ ವಿರುದ್ಧ ಸುಮಾರು 15 ಶೇಕಡ ಕಡಿಮೆ ಫೌಲ್ ಕೊಟ್ಟರು. ಕೋವಿಡ್ ಕಾಲದ ಖಾಲಿ ಮೈದಾನಗಳಲ್ಲೂ ಹಲವು ಲೀಗ್‌ಗಳಲ್ಲಿ ತವರಿನ ಲಾಭ ಕುಗ್ಗಿತು, ಹೊರಗಿನಿಂದ ಬಂದ ತಂಡಕ್ಕೆ ಹಳದಿ ಕಾರ್ಡ್ ಕಡಿಮೆಯಾಯಿತು. ಹಾಗಾಗಿಯೇ ಪರಊರಿನ ಅಭಿಮಾನಿಗಳಿಗೆ ಎಷ್ಟು ಸೀಟು ಎಂಬುದು ದೊಡ್ಡ ಜಗಳ. 2018ರಲ್ಲಿ ಐಬ್ರಾಕ್ಸ್‌ನಲ್ಲಿ ಸೆಲ್ಟಿಕ್ ಅಭಿಮಾನಿಗಳಿಗೆ ಕೊಡುತ್ತಿದ್ದ ಸುಮಾರು 7,000 ಟಿಕೆಟ್ ಸುಮಾರು 800ಕ್ಕೆ ಇಳಿಯಿತು, ಎದುರು ಕಡೆಯೂ ಹಾಗೇ ಮಾಡಿತು, ಆಮೇಲೆ ಕೆಲ ಕಾಲ ಪೂರ್ತಿ ನಿಂತೇಹೋಯಿತು. 2025ರ ಜನವರಿಯಲ್ಲಿ ಸುಮಾರು 2,500 ಮಂದಿ ಮತ್ತೆ ಬಂದರು.

ಹೃದಯದ ಮಾತೂ ಗ್ರೂಪುಗಳಲ್ಲಿ ಓಡಾಡುತ್ತದೆ: ‘ಮ್ಯಾಚ್ ನೋಡಿದರೆ ಹಾರ್ಟ್ ಅಟ್ಯಾಕ್’. ಇದರಲ್ಲಿ ಒಂದು ತುಣುಕು ಸತ್ಯವಿದೆ. 2006ರ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಲ್ಲಿ ಮ್ಯೂನಿಕ್ ಸುತ್ತಮುತ್ತ ಹೃದಯದ ತುರ್ತು ಪ್ರಕರಣಗಳು ಎರಡೂವರೆ ಪಟ್ಟಿಗಿಂತ ಹೆಚ್ಚಿದ್ದವು, ಮೊದಲೇ ಹೃದಯ ಕಾಯಿಲೆ ಇದ್ದವರಲ್ಲಿ ಅಪಾಯ ಇನ್ನೂ ಜಾಸ್ತಿ. ಆದರೆ ಸ್ಕಾಟ್ಲೆಂಡ್‌ನಲ್ಲಿ ಅದೇ ಹುಚ್ಚನ್ನು ಔಷಧಿಯಾಗಿಯೂ ಬಳಸಿದ್ದಾರೆ. 13 ವೃತ್ತಿಪರ ಕ್ಲಬ್‌ಗಳಲ್ಲಿ, ತೂಕ ಜಾಸ್ತಿ ಇದ್ದ 747 ಗಂಡಸರನ್ನು ಆರಿಸಿದರು. ಒಂದು ಪಾಲಿನವರಿಗೆ ತಮ್ಮ ನೆಚ್ಚಿನ ತಂಡದ ಮೈದಾನದಲ್ಲೇ, ಕ್ಲಬ್‌ನ ಕೋಚ್‌ಗಳಿಂದಲೇ 12 ವಾರ ನಡಿಗೆ, ವ್ಯಾಯಾಮ, ಊಟದ ಪಾಠ. ವರ್ಷದ ಬಳಿಕ ಅವರು ಉಳಿದವರಿಗಿಂತ ಸರಾಸರಿ ಸುಮಾರು 5 ಕೆ.ಜಿ. ಹೆಚ್ಚು ಇಳಿದಿದ್ದರು. 2014ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು. ಡಾಕ್ಟರ್ ಹೇಳಿದರೆ ಕೇಳದವನು ತನ್ನ ತಂಡದ ಮೈದಾನದಲ್ಲಿ ಓಡಲು ಒಪ್ಪಿದ.

ಒಂದು ಗೋಲು, 66 ಸಾವು: ಐವತ್ತು ವರ್ಷದ ಸುಳ್ಳು

ವಾಟ್ಸಾಪ್ ಇಲ್ಲದ ಕಾಲದಲ್ಲೂ ಫಾರ್ವರ್ಡ್‌ಗಳಿದ್ದವು. 1971ರ ಜನವರಿ 2. ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ರೇಂಜರ್ಸ್-ಸೆಲ್ಟಿಕ್ ಪಂದ್ಯ, ಸುಮಾರು 80,000 ಜನ. ಕೊನೆಯ ಕ್ಷಣಗಳಲ್ಲಿ ಸೆಲ್ಟಿಕ್ ಗೋಲು ಹೊಡೆಯಿತು, ಬೆನ್ನಿಗೇ ರೇಂಜರ್ಸ್ ಸಮ ಮಾಡಿತು. ಪಂದ್ಯ ಮುಗಿದು ಜನ ಹೊರಡುವಾಗ 13ನೇ ಮೆಟ್ಟಿಲ ಸಾಲಿನಲ್ಲಿ 66 ಮಂದಿ ಸತ್ತರು. ಸತ್ತವರಲ್ಲಿ ಫೈಫ್ ಪ್ರಾಂತ್ಯದ ಮಾರ್ಕಿಂಚ್ ಎಂಬ ಸಣ್ಣ ಊರಿನಿಂದ ಪಂದ್ಯ ನೋಡಲು ಬಂದಿದ್ದ ಐವರು ಹದಿಹರೆಯದ ಗೆಳೆಯರಿದ್ದರು.

ಕೂಡಲೇ ಹಬ್ಬಿದ ಕಥೆ ಹೀಗಿತ್ತು: ತಂಡ ಸೋತಿತೆಂದು ಬೇಗ ಹೊರಟವರು ಸಮಬಲದ ಗೋಲಿನ ಕೂಗು ಕೇಳಿ ಮತ್ತೆ ಮೇಲಕ್ಕೆ ಓಡಿದರು, ಇಳಿಯುವವರಿಗೆ ಡಿಕ್ಕಿ ಹೊಡೆದರು. ಕೇಳಲು ಎಷ್ಟು ಸರಿಯಾಗಿ ಕೂಡುತ್ತದೆ ನೋಡಿ. ಗೋಲು ಇದೆ, ಆತುರ ಇದೆ, ಅಭಿಮಾನಿಗಳ ಹುಚ್ಚು ಇದೆ. ತನಿಖೆಯಲ್ಲಿ ಮಾತ್ರ ಇದಕ್ಕೆ ಆಧಾರ ಸಿಗಲಿಲ್ಲ. ಪಂದ್ಯ ಮುಗಿದ ಮೇಲೆ ಎಲ್ಲರೂ ಒಂದೇ ದಿಕ್ಕಿನಲ್ಲಿ, ಕೆಳಕ್ಕೆ ಇಳಿಯುತ್ತಿದ್ದರು. ಮುಂದಿದ್ದ ಯಾರೋ ಬಿದ್ದರು. ಮೇಲಿನವರಿಗೆ ಅದು ಕಾಣುವಂತಿರಲಿಲ್ಲ, ಕಂಡವರಿಗೂ ನಿಲ್ಲುವ ಶಕ್ತಿ ಇರಲಿಲ್ಲ. ಕಬ್ಬಿಣದ ಕಂಬಿಗಳೇ ಒತ್ತಡಕ್ಕೆ ಬಾಗಿದವು.

ಇನ್ನೊಂದು ಸಂಗತಿಯನ್ನು ಆ ಕಥೆ ಚೆನ್ನಾಗಿ ಮುಚ್ಚಿಟ್ಟಿತು. ಅದೇ ಮೆಟ್ಟಿಲಲ್ಲಿ 1961ರಲ್ಲಿ ಇಬ್ಬರು ಸತ್ತಿದ್ದರು. 1967 ಮತ್ತು 1969ರಲ್ಲೂ ಅಲ್ಲೇ ಜನ ಗಾಯಗೊಂಡಿದ್ದರು. ಪ್ರತಿ ಸಲವೂ ಮೆಟ್ಟಿಲು ಅದೇ ಇತ್ತು. 1974ರಲ್ಲಿ ಸಂತ್ರಸ್ತ ಕುಟುಂಬವೊಂದು ಹೂಡಿದ ದಾವೆಯಲ್ಲಿ ನ್ಯಾಯಾಧೀಶರು ಕ್ಲಬ್‌ನದೇ ತಪ್ಪು ಎಂದರು. ವೀಟ್ಲಿ ವರದಿ, ಅದರ ಮೇಲೆ 1975ರ ಕ್ರೀಡಾಂಗಣ ಸುರಕ್ಷತಾ ಕಾನೂನು ಬಂದದ್ದು ಈ ದುರಂತದಿಂದ. ಇವತ್ತು ಬ್ರಿಟನ್ನಿನಲ್ಲಿ ದೊಡ್ಡ ಮೈದಾನಕ್ಕೆ ಎಷ್ಟು ಜನ ಎಂದು ಲೆಕ್ಕ ಹಾಕುವಾಗ ಕುರ್ಚಿ ಎಣಿಸಿದರೆ ಸಾಲದು. ಗೇಟಿನಿಂದ ಎಷ್ಟು ಜನ, ಎಷ್ಟು ನಿಮಿಷದಲ್ಲಿ ಹೊರಹೋಗಬಹುದು ಎಂಬುದನ್ನೂ ನೋಡುತ್ತಾರೆ.

ಇಲ್ಲಿ ನಮ್ಮ ಭಾಷೆಯ ಒಂದು ಪದದ ಬಗ್ಗೆ ಹೇಳಬೇಕು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಮಂದಿ ಮೃತಪಟ್ಟಾಗ ಸುದ್ದಿಗಳಲ್ಲಿ ಎಲ್ಲೆಲ್ಲೂ ಬಂದ ಪದ ‘ಕಾಲ್ತುಳಿತ’. ಯಾರೋ ಓಡಿದರು, ಯಾರನ್ನೋ ತುಳಿದರು ಎಂಬ ಚಿತ್ರ ಆ ಪದದಲ್ಲೇ ಇದೆ. ಐಬ್ರಾಕ್ಸ್‌ನಂಥ ದುರಂತಗಳಲ್ಲಿ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ, ಉಸಿರು ಕಟ್ಟಿ. ಒಂದು ಚದರ ಮೀಟರ್‌ನಲ್ಲಿ ಆರೇಳು ಜನ ಸೇರಿದರೆ ಯಾರೂ ತಮ್ಮ ಇಷ್ಟದಂತೆ ಹೆಜ್ಜೆ ಇಡಲಾರರು, ಇಡೀ ಗುಂಪು ನೀರಿನಂತೆ ತೊನೆಯುತ್ತದೆ. ಎದೆ ಹಿಗ್ಗಲು ಜಾಗವಿಲ್ಲದೆ ನಿಂತಲ್ಲೇ ಪ್ರಾಣ ಹೋಗಬಹುದು. ಓಡುವುದಿರಲಿ, ಕೈ ಎತ್ತಲೂ ಆಗುವುದಿಲ್ಲ. ‘ನೂಕುನುಗ್ಗಲು’ ಎಂಬುದೂ ಪೂರ್ತಿ ಸರಿಯಲ್ಲ, ಏಕೆಂದರೆ ಎಷ್ಟೋ ಸಲ ಬೇಕೆಂದು ಯಾರೂ ನೂಕಿರುವುದಿಲ್ಲ. ‘ಜನದಟ್ಟಣೆಯ ಒತ್ತಡ’ ಎಂದು ಬರೆದರೆ ಮೊದಲು ಕೇಳಬೇಕಾದ ಪ್ರಶ್ನೆ ಏಳುತ್ತದೆ: ಅಷ್ಟು ಜನ ಅಷ್ಟು ಸಣ್ಣ ಜಾಗಕ್ಕೆ ಬಂದದ್ದು ಹೇಗೆ, ಗೇಟು ಎಷ್ಟು ತೆರೆದಿತ್ತು?

ಐಬ್ರಾಕ್ಸ್‌ನ ಹೊರಗೆ 2001ರಲ್ಲಿ ಸ್ಮಾರಕ ನಿಲ್ಲಿಸಲಾಯಿತು. 1971ರಲ್ಲಿ ತಂಡದ ನಾಯಕರಾಗಿದ್ದ ಜಾನ್ ಗ್ರೇಗ್ ಅವರ ಪ್ರತಿಮೆ, ಕೆಳಗೆ ಸತ್ತವರ ಹೆಸರುಗಳು. 1961ರ ಇಬ್ಬರ ಹೆಸರೂ ಅಲ್ಲಿದೆ. ಮಾರ್ಕಿಂಚ್‌ನಲ್ಲೂ ಆ ಐವರು ಹುಡುಗರಿಗೆ ಒಂದು ಸ್ಮಾರಕವಿದೆ.