ರಿಕಾಪಿಲ್ಲದ ರಾವುತರು

ಕ್ರಿ.ಶ. 378ರ ಆಗಸ್ಟ್ 9ರಂದು, ಈಗ ತುರ್ಕಿಯಲ್ಲಿ ಎಡಿರ್ನೆ ಎನಿಸಿಕೊಂಡಿರುವ ಏಡ್ರಿಯನೋಪಲ್ ನಗರದ ಬಳಿ ರೋಮನ್ ಚಕ್ರವರ್ತಿ ವ್ಯಾಲೆನ್ಸನು ಗಾಥರ ಕೈಯಲ್ಲಿ ಪರಾಭವಗೊಂಡನು. ಅವನ ಸೈನ್ಯದ ಮೂರರಲ್ಲೆರಡು ಪಾಲು ಮಡಿಯಿತು. ಅವನ ಶವವೂ ದೊರೆಯಲಿಲ್ಲ. ಇದಕ್ಕೆಲ್ಲ ರಿಕಾಪೇ ಕಾರಣವೆಂದು, ಎಂದರೆ ಸವಾರನು ಪಾದವೂರುವ ಆ ಲೋಹದ ಬಳೆ ಗಾಥರಲ್ಲಿದ್ದು ರೋಮನರಲ್ಲಿಲ್ಲದುದೇ ಕಾರಣವೆಂದು ಹೇಳುವವರುಂಟು. ನಮ್ಮ ವಿದ್ಯಾರ್ಥಿಗಳಿಗೆ ಈ ಮಾತು ಬಹು ಪ್ರಿಯ. ಸಣ್ಣದೊಂದು ಉಪಕರಣ ಸಾಮ್ರಾಜ್ಯವನ್ನೇ ಅಲುಗಿಸಿತೆಂದರೆ ವಿಜ್ಞಾನ ಓದುವವರಿಗೆ ಹಿಗ್ಗಾಗುವುದು ಸಹಜವೇ.

ಆದರೆ ಇದನ್ನು ನಾವು ಒಪ್ಪಲಾರೆವು. ರಿಕಾಪು ಅವಾರರೊಡನೆ ಯೂರೋಪಿಗೆ ಬಂದುದು ಆರನೆಯ ಶತಮಾನದ ಉತ್ತರಾರ್ಧದಲ್ಲಿ, ಈ ಯುದ್ಧ ನಡೆದು ಸುಮಾರು 200 ವರ್ಷಗಳಾದ ಮೇಲೆ. ರಿಕಾಪಿಲ್ಲದ ರಾವುತನು ಹೊಡೆತಕ್ಕೆ ಜಾರಿಬೀಳುವನೆಂಬ ಊಹೆಯೂ ಸರಿಯಲ್ಲ. ಅದಕ್ಕೆ ಎಷ್ಟೋ ಹಿಂದೆಯೇ ರೋಮನರ ಜೀನಿಗೆ ನಾಲ್ಕು ಕೊಂಬುಗಳಿದ್ದು, ಅವು ಸವಾರನನ್ನು ಭದ್ರವಾಗಿ ಹಿಡಿದಿಡುತ್ತಿದ್ದುವು.

ಆ ರಣರಂಗದಲ್ಲಿ ಭೌತಶಾಸ್ತ್ರಕ್ಕೆ ಕೆಲಸವಿರುವುದು ಬೇರೆಡೆಯಲ್ಲಿ. ಸ್ವತಃ ಯೋಧನಾಗಿದ್ದ ಸಮಕಾಲೀನ ಇತಿಹಾಸಕಾರ ಅಮ್ಮಿಯಾನಸ್ ಮಾರ್ಸೆಲಿನಸನ ಬರಹವನ್ನು ನೋಡಬೇಕು. ಸೈನಿಕರು ಬೆಳಗಾಗುತ್ತಲೇ ಹೊರಟು, ಸುಡುಬಿಸಿಲಿನಲ್ಲಿ ಕೊರಕಲು ದಾರಿಯನ್ನು ತುಳಿದು, ಗಾಥರು ಬಂಡಿಗಳಿಂದ ಕಟ್ಟಿದ ಕೋಟೆಯನ್ನು ಕಂಡುದು ನಡುಹಗಲು ಕಳೆದ ಮೇಲೆ. ಹಸಿವು, ನೀರಡಿಕೆ ಬೇರೆ. ಸಾಲದುದಕ್ಕೆ ಗಾಥರು ಬಯಲಿಗೆ ಬೆಂಕಿಯಿಟ್ಟಿದ್ದರು. ಮೇವು ಅರಸಿ ಹೋಗಿದ್ದ ತಮ್ಮ ಅಶ್ವದಳ ಮರಳಲೆಂದು ಅವರ ನಾಯಕ ಫ್ರಿಟಿಗರ್ನನು ಸಂಧಾನದ ನೆಪದಿಂದ ಹೊತ್ತು ಕಳೆದನು. ಜಾಣನೇ ಸರಿ!

ಒಂದು ಲೀಟರು ಬೆವರು ಆವಿಯಾಗುವಾಗ ದೇಹದಿಂದ ಸುಮಾರು 580 ಕಿಲೋಕ್ಯಾಲರಿ ಶಾಖವನ್ನು ಒಯ್ಯುತ್ತದೆ. ಬಿಸಿಲಿನಲ್ಲಿ ಹೊರೆ ಹೊತ್ತು ನಡೆಯುವವನು ಗಂಟೆಗೆ ಅಷ್ಟು ಬೆವರುವುದು ಅಪರೂಪವಲ್ಲ. ಕಳೆದ ನೀರು ಮತ್ತೆ ಒದಗದಿದ್ದರೆ ರಕ್ತದ ಪ್ರಮಾಣ ಕುಗ್ಗುತ್ತದೆ, ಮೈಯ ಉಷ್ಣತೆ ಏರುತ್ತದೆ, ತೋಳು ಸೋಲುತ್ತದೆ. ಲೋಹದ ಕವಚ ತೊಟ್ಟವನ ಬೆವರು ಸುಲಭವಾಗಿ ಆರುವುದೂ ಇಲ್ಲ. ಕತ್ತಿಗಳು ತಾಗುವ ಮೊದಲೇ ಈ ಲೆಕ್ಕ ರೋಮನರಿಗೆ ಪ್ರತಿಕೂಲವಾಗಿತ್ತೆಂದು ನಮ್ಮ ಅಭಿಪ್ರಾಯ.

ಇದು ತಪ್ಪಿಸಲಾಗದ ವಿಪತ್ತೂ ಆಗಿರಲಿಲ್ಲ. ವ್ಯಾಲೆನ್ಸನ ಅಣ್ಣನ ಮಗ ಗ್ರೇಷಿಯನ್ನನು ಪಶ್ಚಿಮದಿಂದ ನೆರವಿನ ಪಡೆಯೊಡನೆ ಬರುತ್ತಿದ್ದನು. ಕಾದಿರಬೇಕೆಂದು ಹೇಳಿಯೂ ಕಳುಹಿಸಿದ್ದನು. ಗೆಲುವಿನ ಕೀರ್ತಿಯನ್ನು ಹಂಚಿಕೊಳ್ಳಲು ವ್ಯಾಲೆನ್ಸನಿಗೆ ಮನಸ್ಸಿರಲಿಲ್ಲ. ಮರಳಿ ಬಂದ ಗಾಥ್ ರಾವುತರು ಎರಗಿದಾಗ ರೋಮನ್ ಕಾಲಾಳುಗಳು, ಕತ್ತಿ ಹಿರಿಯಲೂ ತೆರಪಿಲ್ಲದಂತೆ, ಧೂಳಿನ ಮಧ್ಯೆ ಒಬ್ಬರನ್ನೊಬ್ಬರು ಒತ್ತಿಕೊಂಡು ನಿಂತಿದ್ದರು.