ಉಪಯೋಗ ಯಾರಿಗೆ?

(1/5)
"ಹಿಸ್ಟರಿ, ಸೋಷಿಯಾಲಜಿ ಓದಿ ಏನ್ ಉಪಯೋಗ?" ನಮ್ಮ ಕ್ಲಾಸಲ್ಲಿ ಈ ಪ್ರಶ್ನೆ ಕೇಳಿಸ್ಕೊಳ್ಳದೇ ಇರೋರು ಯಾರಿದ್ದೀರಾ? ಇದಕ್ಕೆ "ನಮ್ಗೂ ಕೆಲಸ ಸಿಗುತ್ತೆ" ಅಂತ ಸಮಜಾಯಿಷಿ ಕೊಡೋದು ಸಾಕು. "ಉಪಯೋಗ ಯಾರಿಗೆ?" ಅಂತ ತಿರುಗಿ ಕೇಳೋಣ. ಯಾಕೆ ಕೇಳಬೇಕು ಅಂತ ತಿಳಿಯೋಕೆ ಸ್ವೀಡನ್ ಕಡೆ ನೋಡಿ.

(2/5)
1922ರಲ್ಲಿ ಸ್ವೀಡನ್ ಸರ್ಕಾರ ಉಪ್ಸಾಲಾದಲ್ಲಿ ಜನಾಂಗ ಜೀವವಿಜ್ಞಾನ ಸಂಸ್ಥೆ ಶುರು ಮಾಡ್ತು. ಸಂಸತ್ತಿನಲ್ಲಿ ಎಡ, ಬಲ ಎರಡೂ ಕಡೆಯವರ ಬೆಂಬಲ ಇತ್ತು. ಮುಖ್ಯಸ್ಥ ಹರ್ಮನ್ ಲುಂಡ್‌ಬೋರ್ಗ್. ಜನರ ತಲೆ ಅಳೆಯೋದು, ಫೋಟೋ ತೆಗೆಯೋದು, "ಜಾತಿವಾರು" ವಿಂಗಡಿಸೋದು ಕೆಲಸ. ಉತ್ತರದ ಸಾಮಿ ಜನ ಇದಕ್ಕೆ ಹೆಚ್ಚು ಸಿಕ್ಕಿಬಿದ್ದರು. ದೇಶಕ್ಕೆ ತುಂಬಾ "ಉಪಯುಕ್ತ" ಅಂತ ನಂಬಿದ್ದ ಸಂಶೋಧನೆ ಇದು!

1934ರಲ್ಲಿ ಸಂತಾನಶಕ್ತಿಹರಣ ಕಾನೂನು ಬಂತು, 1941ರಲ್ಲಿ ಅದರ ವ್ಯಾಪ್ತಿ ಹೆಚ್ಚಾಯ್ತು. 1975ರ ತನಕ ಸುಮಾರು 63,000 ಜನರಿಗೆ ಆಪರೇಷನ್ ಆಯ್ತು, ಬಹುಪಾಲು ಹೆಂಗಸರಿಗೆ. ಎಲ್ಲವೂ ಬಲವಂತದ್ದಲ್ಲ, ನಿಜ. ಆದ್ರೆ ಸಾವಿರಾರು ಜನರ "ಒಪ್ಪಿಗೆ" ಎಂಥದ್ದು ಗೊತ್ತಾ? ಸಹಿ ಹಾಕಿದ್ರೆ ಆಸ್ಪತ್ರೆಯಿಂದ ಬಿಡುಗಡೆ. ಸಹಿ ಹಾಕಿದ್ರೆ ಗರ್ಭಪಾತಕ್ಕೆ ಅನುಮತಿ.

(3/5)
"ಅದು ಡಾಕ್ಟರ್‌ಗಳ ತಪ್ಪು, ನಮ್ಮ ವಿಷಯದವರದ್ದಲ್ಲ" ಅಂತ ಜಾರಿಕೊಳ್ಳೋ ಹಾಗಿಲ್ಲ. ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ಅಪ್ಪಟ ಸಮಾಜವಿಜ್ಞಾನಿಗಳು, ಮುಂದೆ ಇಬ್ಬರಿಗೂ ನೊಬೆಲ್ ಬಂತು. ಜನಸಂಖ್ಯೆ ಬಗ್ಗೆ 1934ರಲ್ಲಿ ಅವರು ಬರೆದ ಪುಸ್ತಕ ಬಡ ಕುಟುಂಬಗಳಿಗೆ ಸರ್ಕಾರದ ನೆರವು ಕೇಳ್ತು. ಅದೇ ಪುಸ್ತಕ ಸಂತಾನಶಕ್ತಿಹರಣವನ್ನೂ ಬೆಂಬಲಿಸ್ತು. ಒಳ್ಳೇ ಉದ್ದೇಶ ಇದ್ದರೂ ಸರ್ಕಾರದ ಕೈಗೆ ಆಯುಧ ಆಗೋದು ಇಷ್ಟು ಸುಲಭ.

(4/5)
ಇದನ್ನೆಲ್ಲ ಬಯಲಿಗೆ ತಂದೋರು ಯಾರು? ಅದೇ "ಉಪಯೋಗ ಇಲ್ಲದ" ಹಿಸ್ಟರಿಯವರು. 1991ರಲ್ಲಿ ಗುನ್ನಾರ್ ಬ್ರೂಬರ್ಗ್, ಮತ್ತಿಯಾಸ್ ಟೀಡೆನ್ ಈ ಬಗ್ಗೆ ಪುಸ್ತಕ ಬರೆದರು. ಮೈಯಾ ರುನ್ಸಿಸ್ ತಮ್ಮ ಪಿಎಚ್‌ಡಿಗಾಗಿ ಹಳೇ ಅರ್ಜಿಗಳ ಕಡತ ಒಂದೊಂದಾಗಿ ಓದಿದರು. 1997ರಲ್ಲಿ ಪತ್ರಕರ್ತ ಮಾಚೇ ಜರೆಂಬಾ ಡಾಗೆನ್ಸ್ ನೀಹೆಟರ್ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತೇ ತಿರುಗಿ ನೋಡ್ತು. 1999ರಲ್ಲಿ ಪರಿಹಾರದ ಕಾನೂನು ಬಂತು: ತಲಾ 1,75,000 ಕ್ರೋನಾ. ದೂಳು ಹಿಡಿದ ಫೈಲ್ ಯಾರೂ ಓದದೇ ಇದ್ದಿದ್ರೆ?

(5/5)
"ತೆರಿಗೆ ದುಡ್ಡಪ್ಪಾ, ಲೆಕ್ಕ ಕೇಳಬಾರದಾ?" ಕೇಳಿ. ದುಡ್ಡಿನ ಲೆಕ್ಕ ಕೇಳಿ. ಯಾವ ಪ್ರಶ್ನೆ ಕೇಳಬೇಕು ಅಂತ ಮಾತ್ರ ನೀವು ಹೇಳ್ಬೇಡಿ.

ಸ್ವೀಡನ್‌ಗೇ ಇದು ಒಮ್ಮೆ ಗೊತ್ತಿತ್ತು. ಕೇಂದ್ರ ಬ್ಯಾಂಕಿನ 300ನೇ ವರ್ಷದ ನೆನಪಿಗೆ ಅಂತ 1962ರಲ್ಲಿ ನಿರ್ಧಾರವಾದ ನಿಧಿ ಇವತ್ತಿಗೂ ಮಾನವಿಕ, ಸಮಾಜವಿಜ್ಞಾನ ಸಂಶೋಧನೆಗೆ ದುಡ್ಡು ಕೊಡುತ್ತೆ. ಅಲ್ಲಿ ಪಿಎಚ್‌ಡಿ ಮಾಡೋರು ಹೆಚ್ಚಾಗಿ ಸಂಬಳದ ನೌಕರರು. ಆದ್ರೆ 2023ರ ಜೂನ್‌ನಲ್ಲಿ ಅದೇ ದೇಶದ ಸರ್ಕಾರ ಅಭಿವೃದ್ಧಿ ಸಂಶೋಧನೆಯ ಅನುದಾನವನ್ನ ದಿಢೀರ್ ಅಂತ ನಿಲ್ಲಿಸ್ತು, ಸಂಶೋಧಕರು ಅರ್ಜಿ ಹಾಕಿ ಕೂತಿದ್ದಾಗಲೇ.

ಸರ್ಕಾರಕ್ಕೆ ಉಪಯೋಗ ಆಗೋ ಸಂಶೋಧನೆಗೆ ದುಡ್ಡು ಯಾವಾಗ್ಲೂ ಹುಟ್ಟುತ್ತೆ. ಸರ್ಕಾರಕ್ಕೆ ಮುಜುಗರ ಮಾಡೋ ಸಂಶೋಧನೆಗೆ ದುಡ್ಡು ಸಿಗೋ ದೇಶವೇ ಆರೋಗ್ಯವಾಗಿರೋ ದೇಶ.

ನಿಮ್ಮನ್ನ "ಏನ್ ಉಪಯೋಗ" ಅಂತ ಕೇಳಿದೋರಿಗೆ ಇದನ್ನ ಕಳಿಸಿ. ಒಪ್ಪದೇ ಇರೋರು ಕಾಮೆಂಟಲ್ಲಿ ಬನ್ನಿ, ಮಾತಾಡೋಣ.

#ಉಪಯೋಗಯಾರಿಗೆ #ಮಾನವಿಕ #ಸಮಾಜವಿಜ್ಞಾನ #ಸ್ವೀಡನ್