ಸಂಪಾದಕರ ಮಾತು: ಅಟ್ಟದ ಮೇಲಿನ ಸಂಪುಟಗಳು

ಪುಸ್ತಕಕ್ಕೆ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವವರು ನಾವು. ನವರಾತ್ರಿಯ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ಪೂಜೆ ಮುಗಿದು ತೆಗೆಯುವವರೆಗೆ ತೆರೆಯುವುದೂ ಇಲ್ಲ. ಅಂಥ ಮನೆಗಳ ಊಟದ ಮೇಜಿನ ಮೇಲೆ ಈಗ ಪುಸ್ತಕಕ್ಕೆ ಕತ್ತರಿ ಬೀಳುತ್ತಿದೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳಲ್ಲಿ ಕೆಲಸದಿಂದ ನಿವೃತ್ತರಾದವರು, ಕಾಲೇಜಿಗೆ ಹೋಗುವ ಮಕ್ಕಳು, ಮಧ್ಯಾಹ್ನದ ಬಿಡುವು ಸಿಕ್ಕ ಗೃಹಿಣಿಯರು ಹಳೆಯ ಪುಸ್ತಕದ ಪುಟಗಳಿಗೆ ಬಣ್ಣ ಬಳಿಯುತ್ತಾರೆ, ನಡುವೆ ಕಿಟಕಿ ಕೊರೆಯುತ್ತಾರೆ, ಲೇಸು, ಮಣಿ, ಒಣಗಿದ ಅರಳಿ ಎಲೆ, ಬಸ್ ಟಿಕೆಟ್ಟು, ಲಗ್ನಪತ್ರಿಕೆಯಿಂದ ಕತ್ತರಿಸಿದ ಗಣಪತಿ, ಸೀರೆ ಅಂಚಿನ ಚೂರು ಅಂಟಿಸುತ್ತಾರೆ. ಕೊನೆಗೆ ಕೈಯಲ್ಲಿ ಉಳಿಯುವುದು ಓದುವ ಪುಸ್ತಕವೂ ಅಲ್ಲ, ಗೋಡೆಗೆ ತೂಗುಹಾಕುವ ಚಿತ್ರವೂ ಅಲ್ಲ. ಆಲ್ಟರ್ಡ್ ಬುಕ್ ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ.

ಇದು ಸರಿಯೇ ಎಂದು ಕೇಳುವ ಓದುಗರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ಮೊದಲು ಎದುರಾಗುವುದು ನಮ್ಮ ಅಜ್ಜಿಯರೂ ಅಮ್ಮಂದಿರೂ ಮಾಡಿಟ್ಟು ಹೋದ ಒಂದು ಕೆಲಸ. ಅದನ್ನು ಕಲೆ ಎಂದು ಯಾರೂ ಕರೆದಿರಲಿಲ್ಲ, ಅವರೂ ಕರೆದುಕೊಂಡಿರಲಿಲ್ಲ.

‘ಸುಧಾ’ ಶುರುವಾದದ್ದು 1965ರಲ್ಲಿ, ‘ಮಯೂರ’ 1968ರಲ್ಲಿ, ‘ತರಂಗ’ 1983ರಲ್ಲಿ. ಅದಕ್ಕೂ ಮೊದಲು ‘ಪ್ರಜಾಮತ’ ಇತ್ತು, ‘ಕರ್ಮವೀರ’ ಇತ್ತು. ವಾರಪತ್ರಿಕೆ ಮನೆಗೆ ಬಂದರೆ ಧಾರಾವಾಹಿಯ ಪುಟ ಮೊದಲು ಯಾರಿಗೆ ಎಂಬ ಜಗಳ. ಎಲ್ಲರ ಓದು ಮುಗಿದ ಮೇಲೆ ಮನೆಯಾಕೆ ಪಿನ್ನು ಬಿಚ್ಚಿ ಆ ಹಾಳೆಗಳನ್ನಷ್ಟೇ ತೆಗೆದು ಹಾಸಿಗೆಯಡಿ ಮಡಿಕೆ ಬೀಳದಂತೆ ಇಡುತ್ತಿದ್ದಳು. ಕೊನೆಯ ಕಂತು ಬಂದ ಮೇಲೆ ಎಲ್ಲವನ್ನೂ ಕ್ರಮವಾಗಿ ಜೋಡಿಸಿ, ಎಡಗಡೆ ದಬ್ಬಣದಿಂದ ತೂತು ಹಾಕಿ, ದಪ್ಪ ದಾರದಲ್ಲಿ ಹೊಲಿಯುವುದು. ಮೇಲುಹೊದಿಕೆಗೆ ಹೋದ ವರ್ಷದ ಕ್ಯಾಲೆಂಡರಿನ ಲಕ್ಷ್ಮಿಯೋ ಸರಸ್ವತಿಯೋ, ಬೆನ್ನಿಗೆ ರವಿಕೆ ಹೊಲಿದು ಮಿಕ್ಕ ಬಟ್ಟೆ. ಕೈಲಾದವರು ಬೈಂಡಿಂಗ್ ಅಂಗಡಿಗೆ ಕೊಟ್ಟು ರಟ್ಟು, ಕ್ಯಾಲಿಕೊ ಹಾಕಿಸುತ್ತಿದ್ದರು. ಒಂದು ವಾರದ ಸಂಚಿಕೆ ತಪ್ಪಿದ್ದರೆ ಪಕ್ಕದ ಮನೆಯಿಂದ ತಂದು ಆ ಕಂತನ್ನು ಕೈಯಲ್ಲೇ ನಕಲು ಮಾಡಿ ಸೇರಿಸಿದವರೂ ಇದ್ದರು.

ಇಂಥ ಒಂದು ಸಂಪುಟವನ್ನು ಬಿಚ್ಚಿ ನೋಡಿ. ಕಾದಂಬರಿಯ ಪುಟದ ಹಿಂಬದಿಯಲ್ಲಿ ಪದಬಂಧ, ಅದರಲ್ಲಿ ಅರ್ಧ ತುಂಬಿದ ಮನೆಗಳು. ಕಂತು ಮುಗಿದ ಜಾಗದ ಕೆಳಗೆ ಸಾಬೂನಿನ ಜಾಹೀರಾತು. ಇನ್ನೊಂದು ಕಡೆ ಅರ್ಧಕ್ಕೆ ನಿಂತ ಅಡುಗೆ ವಿಧಾನ, ಅದರ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದ ತಿದ್ದುಪಡಿ: ‘ಉಪ್ಪು ಕಮ್ಮಿ’. ಅಂಚಿನಲ್ಲಿ ಹಾಲಿನ ಲೆಕ್ಕ. ಕಥೆಯ ನಾಯಕಿಗೆ ಅನ್ಯಾಯವಾದ ಕಡೆ ಗಟ್ಟಿಯಾಗಿ ಎಳೆದ ಗೆರೆ. ಇಲ್ಲಿ ಒಬ್ಬ ಓದುಗಿತ್ತಿ ಆಯ್ಕೆ ಮಾಡಿದ್ದಾಳೆ, ಕತ್ತರಿಸಿದ್ದಾಳೆ, ಜೋಡಿಸಿದ್ದಾಳೆ, ತನ್ನ ಮಾತನ್ನೂ ಸೇರಿಸಿದ್ದಾಳೆ. ಬೆಂಗಳೂರಿನ ಹಳೆಯ ಮನೆಗಳಲ್ಲಿ ಹುಟ್ಟಿದ ಪುಸ್ತಕಕಲೆ ಇದೇ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಇದಕ್ಕೆ ಇನ್ನೊಂದು ಬೆಲೆಯೂ ಇದೆ. ಕಾದಂಬರಿ ಮುಂದೆ ಪುಸ್ತಕವಾಗಿ ಅಚ್ಚಾಗುವಾಗ ವಾರವಾರದ ಚಿತ್ರಗಳನ್ನು ಸಾಮಾನ್ಯವಾಗಿ ಕೈಬಿಡಲಾಗುತ್ತಿತ್ತು. ಚಂದ್ರನಾಥ ಆಚಾರ್ಯರಂಥ ಕಲಾವಿದರು ಕನ್ನಡ ಪತ್ರಿಕೆಗಳಿಗೆ ಬರೆದ ಚಿತ್ರಗಳು ಕಥೆಯ ಜೊತೆಜೊತೆಗೇ ಮನೆಯಲ್ಲಿ ಉಳಿದಿದ್ದರೆ ಅದು ಈ ಹೊಲಿದ ಸಂಪುಟಗಳಲ್ಲಿ.

ಹಿಂದಕ್ಕೆ ಹೋದರೆ ಇನ್ನೂ ಸಿಗುತ್ತದೆ. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಿಚಿ ಮಾಡುತ್ತಿದ್ದ ಕಡತದಲ್ಲಿ ನಮ್ಮ ವರ್ತಕರೂ ಮಠಗಳೂ ಬಳಪದಿಂದ ಲೆಕ್ಕ ಬರೆದಿಡುತ್ತಿದ್ದರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರ. ಬೇಡವಾದದ್ದನ್ನು ಒರೆಸಿ, ಮತ್ತೆ ಕಪ್ಪು ಬಳಿದು, ಅದೇ ಮಡಿಕೆಗಳ ಮೇಲೆ ಹೊಸದನ್ನು ಬರೆಯಬಹುದಿತ್ತು. ಈಗ ಕಾಗದಕಲೆಯ ತರಗತಿಗಳಲ್ಲಿ ಮಕ್ಕಳಿಗೆ ಅಕಾರ್ಡಿಯನ್ ಬುಕ್ ಎಂದು ಕಲಿಸುವ ಮಡಿಕೆ ಅದೇ ಬಗೆಯದು. ಕಲಿಸುವವರು ದಯವಿಟ್ಟು ಒಮ್ಮೆ ಕಡತವನ್ನೂ ತೋರಿಸಲಿ.

ಅಡುಗೆಮನೆಯ ಕಾಗದದ ಕೆಲಸ ಬೇರೆಯೇ ಒಂದು ದಾರಿ. ಹಳೆಯ ಪೇಪರನ್ನು ನೀರಿನಲ್ಲಿ ನೆನೆಹಾಕಿ, ಹಿಂಡಿ, ನೆನೆಸಿದ ಮೆಂತ್ಯದ ಜೊತೆ ಒರಳಿನಲ್ಲಿ ನುಣ್ಣಗೆ ರುಬ್ಬಿ, ಮೊರದ ಸಂದುಗಳಿಗೆ ಮೆತ್ತಿ ಬಿಸಿಲಿಗಿಡುತ್ತಿದ್ದರು. ಬೋರಲು ಹಾಕಿದ ಬಿಂದಿಗೆಯ ಮೇಲೆ ಅದೇ ಮುದ್ದೆಯನ್ನು ತಟ್ಟಿ, ಒಣಗಿದ ಮೇಲೆ ಬಿಡಿಸಿಕೊಂಡರೆ ಹಗುರವಾದ ಬುಟ್ಟಿ. ಮೆಂತ್ಯದ ಲೋಳೆಯೇ ಅಂಟು, ಅದರ ಕಹಿಗೆ ಹುಳ ಹತ್ತುವುದಿಲ್ಲ ಎಂಬುದು ಹಿರಿಯರ ಅನುಭವ. ದೇವರಮನೆಯ ಮೈಸೂರು ಶೈಲಿಯ ಚಿತ್ರವನ್ನೂ ನೆನೆಯಿರಿ: ಹಲಗೆಗೆ ಅಂಟಿಸಿದ ಕಾಗದ, ಅದರ ಮೇಲೆ ಸಫೇದ, ಅಂಟು ಮತ್ತು ರೇವಲಚಿನ್ನಿ ಕಲಸಿ ಮಾಡಿದ ಉಬ್ಬುಗೆಲಸ, ಅದರ ಮೇಲೆ ಚಿನ್ನದ ರೇಕು. ಮಿಕ್ಸೆಡ್ ಮೀಡಿಯಾ ಎಂಬುದನ್ನು ಬೇರೆ ಊರಿನವರು ಬಂದು ನಮಗೆ ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಬೇರೆ ಊರಿನ ಒಬ್ಬರಿಂದ ಕಲಿಯುವುದಿದೆ. ಲಂಡನ್ನಿನ ಕಲಾವಿದ ಟಾಮ್ ಫಿಲಿಪ್ಸ್ 1966ರಲ್ಲಿ ಹಳೆಯ ಸಾಮಾನಿನ ಮಳಿಗೆಯೊಂದರಲ್ಲಿ ಮೂರು ಪೆನ್ನಿ ಕೊಟ್ಟು ಡಬ್ಲ್ಯೂ. ಎಚ್. ಮ್ಯಾಲಕ್ ಎಂಬವರ 1892ರ ಕಾದಂಬರಿಯನ್ನು ಕೊಂಡರು. ಅದರ ಪ್ರತಿ ಪುಟದ ಮೇಲೂ ಚಿತ್ರ ಬರೆದು, ಕೆಲವೇ ಪದಗಳನ್ನು ಮಾತ್ರ ಕಾಣುವಂತೆ ಬಿಟ್ಟು, ಆ ಪದಗಳಿಂದಲೇ ಹೊಸ ಕಥೆಯೊಂದನ್ನು ಕಟ್ಟಿದರು. ‘ಎ ಹ್ಯುಮ್ಯುಮೆಂಟ್’ ಎಂಬ ಆ ಕೃತಿಯ ಕೊನೆಯ ಆವೃತ್ತಿ ಬಂದದ್ದು 2016ರಲ್ಲಿ. ಐವತ್ತು ವರ್ಷ ಒಂದೇ ಪುಸ್ತಕ! ಆ ಕಾದಂಬರಿಯನ್ನು ಅವರಷ್ಟು ಸಲ, ಅವರಷ್ಟು ಹತ್ತಿರದಿಂದ ಓದಿದವರು ಇನ್ನೊಬ್ಬರು ಇರಲಾರರು. ನನಗೆ ಮುಖ್ಯವೆನಿಸುವುದು ಇದು. ಧಾರಾವಾಹಿ ಹೊಲಿದ ಹೆಂಗಸೂ ಫಿಲಿಪ್ಸರೂ ಪುಟದ ಮಾತನ್ನು ಓದುತ್ತಲೇ ಕೆಲಸ ಮಾಡಿದರು. ಓದದೆ ಕತ್ತರಿಸಿದ ಪುಸ್ತಕದಲ್ಲಿ ಅಕ್ಷರ ಬರೀ ವಿನ್ಯಾಸವಾಗಿ ಬಿಡುತ್ತದೆ. ಈಚೆಗೆ ಅಂಥದ್ದೇ ಹೆಚ್ಚು ಕಾಣುತ್ತಿದೆ: ಕನ್ನಡದ ಹಾಳೆಯೊಂದು ಚಿಟ್ಟೆಯ ರೆಕ್ಕೆಯಾಗಿದೆ, ಅದರಲ್ಲಿ ಏನು ಅಚ್ಚಾಗಿದೆ ಎಂಬುದು ಮಾಡಿದವರಿಗೂ ಗೊತ್ತಿಲ್ಲ. ಕೈಚಳಕ ಚೆನ್ನಾಗಿದ್ದರೂ ನನಗೆ ಅದು ಸಂಕಟ ತರುತ್ತದೆ.

ಹಾಗಾದರೆ ಯಾವ ಪುಸ್ತಕವನ್ನು ಕತ್ತರಿಸಬಹುದು? ಕಾಲ ಮೀರಿದ ಟೆಲಿಫೋನ್ ಡೈರೆಕ್ಟರಿ, ರೈಲಿನ ಹಳೆಯ ವೇಳಾಪಟ್ಟಿ, ಪಠ್ಯಕ್ರಮ ಬದಲಾದ ಮೇಲೆ ಯಾರಿಗೂ ಬೇಡವಾದ ಗೈಡು, ಲಕ್ಷಗಟ್ಟಲೆ ಅಚ್ಚಾಗಿ ಎಲ್ಲೆಲ್ಲೂ ಸಿಗುವ ಇಂಗ್ಲಿಷ್ ಥ್ರಿಲ್ಲರು. ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಇವೆಲ್ಲ ಸಿಗುತ್ತವೆ. ಕನ್ನಡದ ಹಳೆಯ ಪುಸ್ತಕದ ಮಾತು ಬೇರೆ. ನಮ್ಮಲ್ಲಿ ಹೆಚ್ಚಿನ ಪುಸ್ತಕಗಳು ಅಚ್ಚಾಗುವುದು ಸಾವಿರ ಪ್ರತಿ, ಎಷ್ಟೋ ಪುಸ್ತಕಗಳು ಎರಡನೆಯ ಮುದ್ರಣವನ್ನೇ ಕಾಣಲಿಲ್ಲ. ಮರದ ತಿರುಳಿನ ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಗಾಳಿ ಬೆಳಕಿಗೆ ಕಂದು ತಿರುಗುತ್ತದೆ, ಕಾಗದದೊಳಗಿನ ಆಮ್ಲ ಅದರ ನಾರನ್ನೇ ತುಂಡರಿಸುತ್ತದೆ. ಮೂಲೆ ಮಡಿಚಿದರೆ ಹಪ್ಪಳದಂತೆ ಮುರಿಯುವ ಆ ಹಾಳೆಗಳಲ್ಲಿ ಕೆಲವು ಕೊನೆಯ ಪ್ರತಿಗಳಾಗಿರಬಹುದು. 1970ಕ್ಕಿಂತ ಹಳೆಯ ಕನ್ನಡ ಪುಸ್ತಕ ಕೈಗೆ ಬಂದರೆ ಕತ್ತರಿ ಕೆಳಗಿಡಿ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲೋ ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆಯ ಗ್ರಂಥಾಲಯದಲ್ಲೋ ವಿಚಾರಿಸಿ. ಬೆಂಗಳೂರಿನಲ್ಲೇ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಬಳಗ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡುತ್ತಿದೆ, ಅಲ್ಲಿಯೂ ಹುಡುಕಿ ನೋಡಿ. ಎಲ್ಲೂ ಇಲ್ಲದ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ಅದು ಕಲಾಕೃತಿಯಾಗುವುದಕ್ಕಿಂತ ಮೊದಲು ಸ್ಕ್ಯಾನ್ ಆಗಬೇಕು.

ಕೆಲಸ ಶುರುಮಾಡುವವರಿಗೆ ಕೆಲವು ಮಾತು. ಹೊಲಿಗೆ ಹಾಕಿದ, ರಟ್ಟಿನ ಪುಸ್ತಕವನ್ನೇ ಆರಿಸಿಕೊಳ್ಳಿ. ಬೆನ್ನಿಗೆ ಬರೀ ಅಂಟು ಹಾಕಿದ ಪುಸ್ತಕದ ಹಾಳೆಗಳು ಒಂದೊಂದಾಗಿ ಕೈಗೆ ಬರುತ್ತವೆ. ನಡುನಡುವೆ ಒಂದಷ್ಟು ಹಾಳೆಗಳನ್ನು ತೆಗೆಯದಿದ್ದರೆ ಅಂಟಿಸಿದ್ದೆಲ್ಲ ಸೇರಿ ಪುಸ್ತಕ ಉಬ್ಬಿ ಮುಚ್ಚದಂತಾಗುತ್ತದೆ. ಉಳಿದವನ್ನು ಎರಡು ಮೂರು ಸೇರಿಸಿ ಅಂಟಿಸಿದರೆ ಬಣ್ಣ ತಡೆಯುವಷ್ಟು ಗಟ್ಟಿ ಬರುತ್ತದೆ. ಅಂಟು ಹಚ್ಚಿದ ಪುಟಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಮೇಲೆ ಭಾರ ಹೇರಿ. ಮೈದಾ ಅಂಟು ಕಾಯಿಸುವುದಾದರೆ ಹುಳ ಬರದಿರಲು ಬೈಂಡಿಂಗಿನವರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ, ಅಡುಗೆಯ ಪಾತ್ರೆ ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಆಷಾಢದ ಜಿಟಿಜಿಟಿಯಲ್ಲಿ ಅಂಟು ಬೇಗ ಒಣಗುವುದಿಲ್ಲ, ತೇವ ಉಳಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಅವಸರ ಮಾಡಬೇಡಿ.

ಇನ್ನು ಅಟ್ಟದ ಮಾತು. ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. 1898ರ ಪ್ಲೇಗಿನ ಭಯದಲ್ಲಿ ಜನ ಪೇಟೆ ಬಿಟ್ಟು ಹೊರಬಂದಾಗ ತುಂಬಿಕೊಂಡದ್ದು ಬಸವನಗುಡಿ, ಮಲ್ಲೇಶ್ವರ. ಈ ಬಡಾವಣೆಗಳ ಹಳೆಯ ಮನೆಗಳು ಈಗ ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟು ಏಳುತ್ತಿವೆ. ಮನೆ ಖಾಲಿಮಾಡುವ ದಿನ ಬೆಳ್ಳಿ ಪಾತ್ರೆ, ತಾಮ್ರದ ಹಂಡೆಗಳಿಗೆ ಹಕ್ಕುದಾರರು ಇರುತ್ತಾರೆ. ಅಟ್ಟದ ಟ್ರಂಕಿನಲ್ಲಿದ್ದ ಹೊಲಿದ ಧಾರಾವಾಹಿಗಳನ್ನು ರದ್ದಿ ಅಂಗಡಿಯವನು ತಕ್ಕಡಿಗೆ ಹಾಕುತ್ತಾನೆ. ಅಲ್ಲಿಂದ ಅವು ಹೋಗುವುದು ಕಾಗದದ ಕಾರ್ಖಾನೆಗೆ. ದಬ್ಬಣ ಹಿಡಿದು ಅದನ್ನು ಹೊಲಿದವಳ ಹೆಸರು ಯಾವ ಗ್ರಂಥಸೂಚಿಯಲ್ಲೂ ಇಲ್ಲ, ಆ ಸಂಪುಟದ ಇನ್ನೊಂದು ಪ್ರತಿ ಲೋಕದಲ್ಲೇ ಇಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ಚಿಕ್ಕಮ್ಮ, ದೊಡ್ಡಮ್ಮನ ಮನೆಯಲ್ಲೋ ಇಂಥ ಸಂಪುಟ ಇದ್ದರೆ, ಹೊಲಿದವರು ಬದುಕಿದ್ದರೆ ಅವರನ್ನು ಕೂರಿಸಿಕೊಂಡು ಕೇಳಿ: ಯಾವ ಪತ್ರಿಕೆ, ಯಾವ ವರ್ಷ, ಎಲ್ಲಿ ಹೊಲಿದದ್ದು, ಯಾವ ವಾರದ ಕಂತು ತಪ್ಪಿತ್ತು, ಅದನ್ನು ಎಲ್ಲಿಂದ ತಂದರು. ಅದನ್ನೆಲ್ಲ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದು ಸಂಪುಟದೊಳಗೆ ಇಡಿ. ಹೊದಿಕೆ, ಬೆನ್ನು, ಅಂಚಿನ ಬರಹಗಳ ಫೋಟೊ ತೆಗೆದು ಪತ್ರಿಕೆಗೆ ಕಳಿಸಿ. ಹಾಳೆಗಳನ್ನು ಬಿಚ್ಚಬೇಡಿ, ಹೊಲಿಗೆಯನ್ನು ಹಾಗೆಯೇ ಬಿಡಿ. ದೀಪಾವಳಿ ವಿಶೇಷಾಂಕದಲ್ಲಿ ಇವಕ್ಕಾಗಿ ಬಣ್ಣದ ಪುಟಗಳನ್ನು ಮೀಸಲಿಟ್ಟಿದ್ದೇವೆ. ಹೊಲಿದವರ ಒಪ್ಪಿಗೆ ಇದ್ದರೆ ಅವರ ಹೆಸರನ್ನು ಕಾದಂಬರಿಕಾರರ ಹೆಸರಿನ ಪಕ್ಕದಲ್ಲೇ ಅಚ್ಚು ಹಾಕುತ್ತೇವೆ.